ಎಂಟು ಕಡ್ಡಿಯ ಕೊಡೆ

ವಿದೇಶದ ಕಾರ್ಖಾನೆಯಿಂದ ಮಾಲು ತರಿಸುವವರೆಂದರೆ ದೊಡ್ಡ ಊರಿನ ದೊಡ್ಡ ಸಾಹುಕಾರರೇ ಇರಬೇಕೆಂದು ನಮ್ಮ ಕಡೆ ಅನೇಕರು ಇನ್ನೂ ತಿಳಿದಿದ್ದಾರೆ. ಹಾಗೇನಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಗಲ್ಲಿಯಲ್ಲಿ ಹತ್ತಡಿ ಅಗಲದ ಅಂಗಡಿ ಇಟ್ಟುಕೊಂಡು ವರ್ಷಕ್ಕೊಮ್ಮೆ ಚೀನಾದಿಂದ ನೂರು ಪೆಟ್ಟಿಗೆ ಮಾಲು ತರಿಸುವ ನಮ್ಮಂಥವರೂ ಆ ಲೆಕ್ಕಕ್ಕೆ ಸೇರುತ್ತೇವೆ. ನಾವು ಎಂದರೆ ಅಬ್ಬಾ, ಭಾಯಿಜಾನ್ ಮತ್ತು ರಾತ್ರಿ ಹೊತ್ತು ಕಥೆ ಬರೆದು ಹಗಲು ಹೊತ್ತು ಅಂಗಡಿಯ ಲೆಕ್ಕ ಬರೆಯುವ ತಮ್ಮ. ನಮ್ಮ ಮಾಲು ಕೊಡೆ.

ಅಬ್ಬಾ ಮೊದಲು ಕೊಡೆ ಮಾರುತ್ತಿರಲಿಲ್ಲ, ರಿಪೇರಿ ಮಾಡುತ್ತಿದ್ದರು. ಮೇ ತಿಂಗಳ ಕೊನೆಗೆ ತಗಡಿನ ಪೆಟ್ಟಿಗೆ ಹೊತ್ತು ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆ ಹೋದರೆ ಮಳೆ ಹಿಡಿದು ನಿಂತ ಮೇಲೆಯೇ ವಾಪಸು ಬರುತ್ತಿದ್ದರು. ಪೆಟ್ಟಿಗೆಯಲ್ಲಿ ಇಕ್ಕಳ, ತಂತಿ, ಕರಿ ನೂಲು, ಹಳೆ ಕೊಡೆಗಳಿಂದ ಬಿಚ್ಚಿಟ್ಟ ಕಡ್ಡಿಗಳು. ಅಡಿಕೆ ತೋಟದವರ ಮನೆ ಜಗಲಿಯಲ್ಲಿ ಕೂತು ಹತ್ತು ಹನ್ನೆರಡು ಕೊಡೆ ಸರಿಮಾಡಿ, ಕೊಟ್ಟಷ್ಟು ಇಸಿದುಕೊಂಡು ಮುಂದಿನ ಮನೆಗೆ. ಕಡ್ಡಿಯನ್ನು ಬೆರಳ ನಡುವೆ ಇಟ್ಟು ಬಾಗಿಸಿದರೆ ಅದು ಎಷ್ಟು ಮಳೆಗಾಲ ತಡೆಯುತ್ತದೆಂದು ಅವರಿಗೆ ಗೊತ್ತಾಗುತ್ತಿತ್ತು. ಆ ಬೆರಳೇ ಮುಂದೆ ನಮ್ಮ ವ್ಯಾಪಾರದ ಬಂಡವಾಳವಾಯಿತು.

ಅಗ್ಗದ ಚೀನೀ ಕೊಡೆಗಳು ಬಂದ ಮೇಲೆ ರಿಪೇರಿಯ ಕಸುಬು ನಿಂತಿತು. ಹೊಸ ಕೊಡೆಗೂ ರಿಪೇರಿ ಕೂಲಿಗೂ ಹೆಚ್ಚು ಅಂತರವಿಲ್ಲದಾಗ ರಿಪೇರಿ ಯಾರು ಮಾಡಿಸುತ್ತಾರೆ? ಅಬ್ಬಾರ ಅನ್ನ ತೆಗೆದ ಮಾಲನ್ನೇ ಮಾರಿ ನಾವು ಅನ್ನ ತಿನ್ನುತ್ತಿದ್ದೇವೆ ಎಂದು ಕಥೆಗಾರ ಒಮ್ಮೊಮ್ಮೆ ಹೇಳುವುದುಂಟು. ಅದಕ್ಕೆ ಅಬ್ಬಾ, ‘ಕಥೆ ಆಮೇಲೆ ಬರಿ, ಮೊದಲು ಆ ಗಿರಾಕಿಗೆ ಚಿಲ್ಲರೆ ಕೊಡು’ ಎನ್ನುತ್ತಾರೆ.

ಮೊದಮೊದಲು ಮುಂಬಯಿಯ ಸಗಟು ವ್ಯಾಪಾರಿಗಳಿಂದ ತರಿಸುತ್ತಿದ್ದೆವು. ಒಂದು ವರ್ಷ ಬಂದ ಮಾಲು ಇನ್ನೊಂದು ವರ್ಷ ಬರುತ್ತಿರಲಿಲ್ಲ. ಹೊರಗಿನ ಬಟ್ಟೆ ಅದೇ, ಹಿಡಿ ಅದೇ, ಒಳಗಿನ ಕಡ್ಡಿ ಬೇರೆ. ಕೇಳಿದರೆ, ‘ನಮಗೆ ಬಂದದ್ದನ್ನು ನಿಮಗೆ ಕೊಟ್ಟೆವು’ ಎಂಬ ಉತ್ತರ. ಆಗುಂಬೆಯ ಗಾಳಿಮಳೆಗೆ ಮೂರು ದಿನಕ್ಕೆ ಮಗುಚಿ ಬೀಳುವ ಕೊಡೆಯನ್ನು ಮಾರಿ ಮುಂದಿನ ವರ್ಷ ಅದೇ ಊರಿಗೆ ಹೋಗುವುದು ಹೇಗೆ? ಮಾಡುವವರನ್ನೇ ಹುಡುಕೋಣವೆಂದು 2009ರ ಅಕ್ಟೋಬರಿನಲ್ಲಿ ನಾವಿಬ್ಬರು ಅಣ್ಣತಮ್ಮಂದಿರು ಹೊರಟೆವು. ಅಬ್ಬಾ ಬರಲಿಲ್ಲ. ಒಂದು ಒಳ್ಳೆಯ ಕಡ್ಡಿ, ಒಂದು ಕೆಟ್ಟ ಕಡ್ಡಿ, ಎರಡನ್ನೂ ಕಾಗದದಲ್ಲಿ ಸುತ್ತಿ ಕೊಟ್ಟರು.

ಮೊದಲು ಹೋದದ್ದು ಗುವಾಂಗ್‌ಝೌ ನಗರದ ಕ್ಯಾಂಟನ್ ಮೇಳಕ್ಕೆ. 1957ರಿಂದ ನಡೆದುಬಂದ ಮೇಳ. ವರ್ಷಕ್ಕೆ ಎರಡು ಸಲ, ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ. ನಮ್ಮ ಕೋಟೆ ಮಾರಿಕಾಂಬಾ ಜಾತ್ರೆಯನ್ನು ನೂರು ಪಾಲು ಹಿಗ್ಗಿಸಿ, ಧೂಳು ಮತ್ತು ಸದ್ದು ಎರಡನ್ನೂ ತೆಗೆದುಹಾಕಿದರೆ ಹೇಗಿರುತ್ತದೋ ಹಾಗೆ. ಕೊಡೆಯ ಮಳಿಗೆಗಳೇ ಎಷ್ಟೋ ಸಾಲು. ‘ಇದು ನಿಮ್ಮದೇ ಕಾರ್ಖಾನೆಯೇ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುವವರೇ. ಎಲ್ಲರ ಗೋಡೆಯ ಮೇಲೂ ಒಂದು ದೊಡ್ಡ ಕಟ್ಟಡದ ಫೋಟೊ. ಎರಡು ಮಳಿಗೆಯಲ್ಲಿ ಒಂದೇ ಕಟ್ಟಡವನ್ನು ನೋಡಿದ ಮೇಲೆ ಭಾಯಿಜಾನ್ ಫೋಟೊ ನೋಡುವುದನ್ನೇ ಬಿಟ್ಟರು.

ಇಲ್ಲೊಂದು ಮಾತು ಹೇಳಬೇಕು. ತಾನೇ ಮಾಡುವವನು ಬೇರೆ, ಮಾಡಿಸಿ ಮಾರುವವನು ಬೇರೆ. ಮಾಡಿಸಿ ಮಾರುವವನು ಕೆಟ್ಟವನೆಂದು ಅರ್ಥವಲ್ಲ. ಹತ್ತು ಬಗೆಯ ಮಾಲನ್ನು ಸ್ವಲ್ಪ ಸ್ವಲ್ಪ ಬೇಕೆನ್ನುವವನಿಗೆ ಅವನೇ ಲೇಸು. ಸಣ್ಣ ಆರ್ಡರನ್ನು ದೊಡ್ಡ ಕಾರ್ಖಾನೆ ಮೂಸಿಯೂ ನೋಡುವುದಿಲ್ಲ. ತೊಂದರೆ ಬರುವುದು ಅವನು ತನ್ನನ್ನು ಕಾರ್ಖಾನೆಯೆಂದು ಹೇಳಿಕೊಂಡಾಗ. ಮಾಲು ಕೆಟ್ಟರೆ ಯಾರನ್ನು ಕೇಳಬೇಕೆಂಬುದೇ ಆಗ ಗೊತ್ತಾಗದು. ಚೀನಾದಲ್ಲಿ ಪ್ರತಿಯೊಂದು ವ್ಯಾಪಾರಕ್ಕೂ ಸರಕಾರದ ಪರವಾನಗಿ ಪತ್ರವಿರುತ್ತದೆ. ಅದರಲ್ಲಿ ಈ ಸಂಸ್ಥೆ ಉತ್ಪಾದನೆ ಮಾಡಬಹುದೇ ಅಥವಾ ಮಾರಾಟ ಮಾತ್ರವೇ ಎಂಬುದು ಅವರ ಭಾಷೆಯಲ್ಲಿ ಬರೆದಿರುತ್ತದೆ. ಇಂಗ್ಲಿಷಿನಲ್ಲಿ ಅವರು ಇಟ್ಟುಕೊಂಡ ಚಂದದ ಹೆಸರಿಗೆ ಅಲ್ಲಿ ಕಾನೂನಿನ ಬೆಲೆಯಿಲ್ಲ; ಚೀನೀ ಲಿಪಿಯ ಹೆಸರೇ ಹೆಸರು, ಕೆಂಪು ಮೊಹರೇ ರುಜು. 2015ರಿಂದೀಚೆಗೆ ಪ್ರತಿ ಸಂಸ್ಥೆಗೂ 18 ಅಂಕಿ-ಅಕ್ಷರಗಳ ಒಂದೇ ಗುರುತು ಕೊಟ್ಟಿದ್ದಾರೆ. ಸರಕಾರದ ದಾಖಲೆಯಲ್ಲಿ ಅದನ್ನು ಹಾಕಿ ನೋಡಿದರೆ ಸಂಸ್ಥೆ ಇದೆಯೋ ಮುಚ್ಚಿದೆಯೋ ತಿಳಿಯುತ್ತದೆ. ಈ ಕೆಲಸವನ್ನು ಈಗ ಭಾಯಿಜಾನರ ಮಗಳು, ಬಿ.ಕಾಂ. ಓದಿದವಳು, ಶಿವಮೊಗ್ಗದಲ್ಲೇ ಕೂತು ಮಾಡುತ್ತಾಳೆ. 2009ರಲ್ಲಿ ನಮಗೆ ಅಂಥ ಅನುಕೂಲವಿರಲಿಲ್ಲ. ಕಾಲಿನಲ್ಲಿ ನಡೆದೇ ನೋಡಬೇಕಿತ್ತು.

ಮೇಳದಿಂದ ಝೆಜಿಯಾಂಗ್ ಪ್ರಾಂತ್ಯದ ಯಿವು ಎಂಬ ಊರಿಗೆ ಹೋದೆವು. ಯಿವುವಿನ ಹಳೆಯ ಕಥೆ ಕೇಳಿದಾಗ ನಮಗೆ ಅಬ್ಬಾರ ನೆನಪಾಯಿತು. ಅಲ್ಲಿನ ಬಡ ರೈತರು ಹಿಂದೆ ಬಿದಿರ ಅಡ್ಡೆಯ ಎರಡು ತುದಿಗೆ ಬುಟ್ಟಿ ಕಟ್ಟಿಕೊಂಡು, ಗಿಲಕಿ ಆಡಿಸುತ್ತಾ ಊರೂರು ಅಲೆದು, ಬೆಲ್ಲದ ಮಿಠಾಯಿ ಕೊಟ್ಟು ಪ್ರತಿಯಾಗಿ ಕೋಳಿಪುಕ್ಕ ತರುತ್ತಿದ್ದರಂತೆ. ಪುಕ್ಕ ಗದ್ದೆಗೆ ಗೊಬ್ಬರ. ಖಾಸಗಿ ವ್ಯಾಪಾರವೆಂದರೆ ಅಪರಾಧವೆನ್ನುತ್ತಿದ್ದ ಕಾಲ ಮುಗಿದಿದ್ದರೂ ಅಂಜಿಕೆ ಹೋಗಿರಲಿಲ್ಲ. 1982ರಲ್ಲಿ ಶೆ ಗಾವ್‌ಹುವಾ ಎಂಬ ಸ್ಥಳೀಯ ಪಕ್ಷ ಕಾರ್ಯದರ್ಶಿ ಬೀದಿಯಲ್ಲಿ ಸಂತೆ ಕಟ್ಟಲು ಬಿಟ್ಟರು. ಆ ಸಂತೆಯೇ ಬೆಳೆದು 2002ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಗರದ ಮೊದಲ ಭಾಗವಾಯಿತು. ಇಂದು ಅಲ್ಲಿರುವುದು ಸುಮಾರು 75,000 ಮಳಿಗೆಗಳು. ಒಂದೊಂದರ ಮುಂದೆ ಎರಡು ನಿಮಿಷ ನಿಂತರೂ ತಿಂಗಳುಗಟ್ಟಲೆ ಬೇಕು. ಕೊಡೆ, ರೇನ್‌ಕೋಟು, ಚೀಲ ಎರಡನೇ ವಿಭಾಗದಲ್ಲಿ.

ಭಾಷೆಯ ಮಾತು ಬಂತು. ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೆ, ಅವರದೂ ಹಾಗೆಯೇ. ಉರ್ದು ಶಾಲೆ ಕಲಿತು ಕನ್ನಡದಲ್ಲಿ ಬರೆಯುವವರಿಗೆ ಯಿವುವಿನಲ್ಲಿ ಯಾವ ಭಾಷೆ ಕೈಹಿಡಿಯಬೇಕು? ಕೈಹಿಡಿದದ್ದು ಅರಬ್ಬೀ. ಯಿವುವಿಗೆ ಅರಬ್ ದೇಶಗಳ ವ್ಯಾಪಾರಿಗಳು ತುಂಬಾ ಬರುತ್ತಾರೆ. ಅವರಿಗೆ ದುಭಾಷಿಗಳಾಗಿ ನಿಂಗ್ಸಿಯಾ ಮುಂತಾದ ಕಡೆಯ ಹುಯಿ ಮುಸಲ್ಮಾನ ಹುಡುಗ ಹುಡುಗಿಯರು, ಮದರಸಾಗಳಲ್ಲಿ ಅರಬ್ಬೀ ಕಲಿತವರು, ಬಂದು ನೆಲೆಸಿದ್ದಾರೆ. ಭಾಯಿಜಾನ್ ದಮ್ಮಾಮಿನ ಬಟ್ಟೆ ಅಂಗಡಿಯಲ್ಲಿ ಆರು ವರ್ಷ ದುಡಿದವರು. ನಮಗೆ ಸಿಕ್ಕ ಹುಡುಗನದು ಕಿತಾಬಿನ ಅರಬ್ಬೀ, ಭಾಯಿಜಾನರದು ಬಜಾರಿನ ಅರಬ್ಬೀ. ಅವನು ‘ಅಖೀ’ ಎಂದು ಶುರುಮಾಡಿ ವ್ಯಾಕರಣಶುದ್ಧವಾಗಿ ಒಂದು ವಾಕ್ಯ ಹೇಳಿದರೆ ಭಾಯಿಜಾನ್ ಅದನ್ನು ಮುರಿದು ಮೂರು ಶಬ್ದ ಮಾಡುತ್ತಿದ್ದರು. ಅರ್ಥವಾಗದ ಕಡೆ ಅರಬ್ಬೀ ಅಕ್ಷರ ಓದಬಲ್ಲ ಕಥೆಗಾರನಿಗೆ ಚೀಟಿ ಬರೆದು ತೋರಿಸುತ್ತಿದ್ದ. ಹೀಗೆ ಶಿವಮೊಗ್ಗದ ಕೊಡೆಯ ಮಾತುಕತೆ ಚೀನಾದಲ್ಲಿ ಅರಬ್ಬಿಯಲ್ಲಿ ನಡೆಯಿತು.

ಯಿವುವಿನಲ್ಲಿ ಏಜೆಂಟರು ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಐದು ಕಮಿಷನ್ ತೆಗೆದುಕೊಳ್ಳುತ್ತಾರೆ. ಕೆಲವರು ಮಳಿಗೆಯವರಿಂದಲೂ ಒಳಗೊಳಗೆ ಇಷ್ಟು ಎಂದು ಇಸಿದುಕೊಳ್ಳುತ್ತಾರೆ. ಆಗ ಅವರು ಯಾರ ಆಳು ಎಂದು ಹೇಳುವುದು ಕಷ್ಟ. ಈ ಹುಡುಗನಿಗೆ ನಾವು ದಿನಗೂಲಿ ಕೊಟ್ಟೆವು. ಸ್ವಲ್ಪ ತುಟ್ಟಿಯೇ ಆಯಿತು. ಆದರೆ ನಾವು ಕೊಂಡರೂ ಕೊಳ್ಳದಿದ್ದರೂ ಅವನಿಗೆ ಅಷ್ಟೇ ಸಿಗುವುದರಿಂದ ‘ಅಖೀ, ಇದು ಬೇಡ’ ಎಂದು ಹೇಳುವ ಸ್ವಾತಂತ್ರ್ಯ ಅವನಿಗಿತ್ತು.

ಯಿವು ಸಂತೆ, ಮಾಲು ಹುಟ್ಟುವುದು ಬೇರೆ ಊರುಗಳಲ್ಲಿ. ಆ ಪ್ರಾಂತ್ಯದಲ್ಲಿ ಒಂದೊಂದು ಪಟ್ಟಣಕ್ಕೆ ಒಂದೊಂದು ಕಸುಬು. ಕಾಲುಚೀಲಕ್ಕೆ ಝೂಜಿಯ ದಾತಾಂಗ್, ಗುಂಡಿಗೆ ವೆನ್‌ಝೌ ಕಡೆಯ ಚಿಯಾವ್‌ತೋ, ಕೊಡೆಗೆ ಶಾಂಗ್‌ಯುವಿನ ಸಾಂಗ್‌ಸಿಯಾ. ನಮ್ಮ ಕಡೆ ಗೊಂಬೆಗೆ ಚನ್ನಪಟ್ಟಣ, ಸೀರೆಗೆ ಇಳಕಲ್ಲು ಇದ್ದಂತೆ. ಸಾಂಗ್‌ಸಿಯಾಕ್ಕೆ ಹೋದರೆ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಅಲ್ಲಿ ಕಡ್ಡಿ ಮಾಡುವವರು ಒಬ್ಬರು, ಕೋಲು ಮಾಡುವವರು ಇನ್ನೊಬ್ಬರು, ಹಿಡಿ ಅಚ್ಚು ಹಾಕುವವರು ಮತ್ತೊಬ್ಬರು. ಬಟ್ಟೆಯ ತ್ರಿಕೋನಗಳನ್ನು ಹೊಲಿಯುವುದು, ಕಡ್ಡಿಯ ತುದಿಗೆ ನೂಲು ಕಟ್ಟುವುದು ಹಳ್ಳಿಯ ಹೆಂಗಸರು, ಮನೆಯ ಜಗಲಿಯಲ್ಲೇ ಕೂತು. ನಮ್ಮಲ್ಲಿ ಬೀಡಿ ಕಟ್ಟುವ ತಾಯಂದಿರನ್ನು ನೋಡಿದ ಯಾರಿಗೂ ಆ ನೋಟ ಹೊಸದಲ್ಲ. ಬೆನ್ನು ಬಾಗಿಸಿದ ರೀತಿಯೂ ಅದೇ. ಕಾರ್ಖಾನೆ ಎಂಬುದು ಇಷ್ಟೂ ಜನರಿಂದ ತರಿಸಿ ಜೋಡಿಸುವ ಜಾಗ. ಆದ್ದರಿಂದ ಕಾರ್ಖಾನೆಯ ಯಜಮಾನ ಒಳ್ಳೆಯವನೇ ಎಂದು ಕೇಳಿದರೆ ಸಾಲದು; ಅವನಿಗೆ ಕಡ್ಡಿ ಕೊಡುವವನು ಯಾರು, ಅವನಿಗೆ ದುಡ್ಡು ಸಕಾಲಕ್ಕೆ ಸಲ್ಲುತ್ತಿದೆಯೇ ಎಂದೂ ಕೇಳಬೇಕು.

ಭಾಯಿಜಾನರ ಪರೀಕ್ಷೆಗಳು ಬಲು ಸರಳ. ಇನ್ನೂರು ಜನ ಕೆಲಸಗಾರರಿದ್ದಾರೆ ಎಂದವರ ಅಂಗಳದಲ್ಲಿ ನಿಂತ ಸ್ಕೂಟರು ಸೈಕಲ್ಲು ಎಣಿಸುವುದು. ಊಟದ ಹೊತ್ತಿಗೆ ಹೋಗಿ ಎಷ್ಟು ತಟ್ಟೆ ತೊಳೆಯುತ್ತಿದ್ದಾರೆ ನೋಡುವುದು. ಕಚೇರಿಯ ಚಹಾಕ್ಕಿಂತ ಮೊದಲು ಗೋಡೌನಿಗೆ ಕರೆದೊಯ್ಯಿರಿ ಎನ್ನುವುದು. ಹಾಳಾದ ಮಾಲನ್ನು ಎಲ್ಲಿ ಇಟ್ಟಿದ್ದೀರಿ ಎಂದು ಕೇಳುವುದು. ನಮ್ಮಲ್ಲಿ ಮಾಲು ಹಾಳಾಗುವುದೇ ಇಲ್ಲ ಎಂದವರಿಗೆ ಸಲಾಂ ಹೇಳಿ ಬರುತ್ತಿದ್ದೆವು. ಐದನೇ ಕಡೆ ಒಬ್ಬ ಹೆಂಗಸು, ನಲವತ್ತರ ಪ್ರಾಯದ ಯಜಮಾನಿ, ಏನೂ ಮಾತಾಡದೆ ಎದ್ದು ಹಿತ್ತಲಿಗೆ ಕರೆದೊಯ್ದು ಮುರಿದ ಕೊಡೆಗಳ ರಾಶಿ ತೋರಿಸಿದಳು. ಅಬ್ಬಾರ ಎರಡು ಕಡ್ಡಿಗಳನ್ನು ಕೈಗಿಟ್ಟಾಗ, ಕೆಟ್ಟದ್ದನ್ನು ನೋಡಿ ನಕ್ಕು ಪಕ್ಕಕ್ಕೆ ಎಸೆದಳು. ಅಲ್ಲಿಂದಲೇ ಶುರುವಾಯಿತು.

ಸ್ಯಾಂಪಲ್ ಎರಡು ಮಾಡಿಸಿದೆವು. ಎರಡಕ್ಕೂ ಅವಳ ಮೊಹರು, ನಮ್ಮ ರುಜು. ಒಂದು ಅವಳಲ್ಲಿ, ಒಂದು ನಮ್ಮಲ್ಲಿ. ಆರ್ಡರಿನ ಕಾಗದದಲ್ಲಿ ‘ಒಳ್ಳೆಯ ಗುಣಮಟ್ಟ’ ಎಂಬ ಮಾತೇ ಇಲ್ಲ. ಆ ಮಾತಿಗೆ ಅಳತೆಯಿಲ್ಲ. ಕಡ್ಡಿ ಎಂಟು, ಉಕ್ಕಿನ ದಪ್ಪ ಇಷ್ಟು ಮಿಲಿಮೀಟರ್, ಕೊಡೆಯ ತೂಕ 380 ಗ್ರಾಂ, ಪೆಟ್ಟಿಗೆಗೆ 60. ಚೀನೀ ಭಾಷೆಯಲ್ಲೂ ಇಂಗ್ಲಿಷಿನಲ್ಲೂ. ದುಡ್ಡು ನೂರಕ್ಕೆ 30 ಮುಂಗಡ, ಉಳಿದ 70 ಮಾಲು ತಯಾರಾಗಿ ನಮ್ಮ ಕಡೆಯವರು ನೋಡಿ ಒಪ್ಪಿ ಹಡಗಿಗೆ ಏರಿಸಿದ ಮೇಲೆ. ದುಡ್ಡು ಹೋಗುವುದು ಪರವಾನಗಿಯಲ್ಲಿರುವ ಹೆಸರಿನ ಖಾತೆಗೇ. ‘ಈ ಸಲ ಬೇರೆ ಖಾತೆಗೆ ಹಾಕಿ’ ಎಂದು ಪತ್ರ ಬಂದರೆ, ಅದು ಎಷ್ಟೇ ಅವರದೇ ಪತ್ರದಂತೆ ಕಂಡರೂ, ಫೋನು ಮಾಡಿ ದನಿ ಕೇಳದೆ ಪೈಸೆ ಕಳಿಸುವುದಿಲ್ಲ. ನಡುವೆ ಪತ್ರ ಕದ್ದು ಖಾತೆ ಬದಲಿಸುವ ಕಳ್ಳರು ಎಲ್ಲ ದೇಶದಲ್ಲೂ ಇದ್ದಾರೆ.

ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ತೆಗೆದರೆ ಚಿಂತೆಯಿಲ್ಲ ಎಂದು ಹಲವರು ಉಪದೇಶಿಸುತ್ತಾರೆ. ಅದರ ಅಂತರರಾಷ್ಟ್ರೀಯ ನಿಯಮವೇ ಹೇಳುವಂತೆ ಬ್ಯಾಂಕು ನೋಡುವುದು ಕಾಗದವನ್ನು, ಮಾಲನ್ನಲ್ಲ. ಕಾಗದ ಸರಿಯಿದ್ದರೆ ಪೆಟ್ಟಿಗೆಯಲ್ಲಿ ಕಲ್ಲಿದ್ದರೂ ಅದು ದುಡ್ಡು ಕೊಡುತ್ತದೆ. ಇನ್ನು ಕೋರ್ಟು. ಶಿವಮೊಗ್ಗದ ನ್ಯಾಯಾಲಯದ ಡಿಕ್ರಿ ಹಿಡಿದುಕೊಂಡು ಸಾಂಗ್‌ಸಿಯಾದಲ್ಲಿ ಜಪ್ತಿ ಮಾಡಿಸಲಾಗದು. ಪಂಚಾಯಿತಿಯ ತೀರ್ಪಿಗೆ 1958ರ ನ್ಯೂಯಾರ್ಕ್ ಒಪ್ಪಂದದ ಬಲವಿದೆ, ಎರಡೂ ದೇಶಗಳು ಅದರಲ್ಲಿವೆ. ಆದರೆ ಐದಾರು ಲಕ್ಷದ ಮಾಲಿಗೆ ಅಂಥ ಪಂಚಾಯಿತಿ ಮಾಡಿಸುವ ಖರ್ಚು ಮಾಲಿಗಿಂತ ಹೆಚ್ಚು. ಸಣ್ಣ ವ್ಯಾಪಾರಿಯ ಕೈಯಲ್ಲಿರುವ ನಿಜವಾದ ಕಾನೂನು ಎಂದರೆ ಇನ್ನೂ ಕೊಡದೆ ಉಳಿಸಿಕೊಂಡ ಆ 70 ಪಾಲು, ಮತ್ತು ಮುಂದಿನ ವರ್ಷದ ಆರ್ಡರು.

ಇವುಗಳ ಪರೀಕ್ಷೆ 2012ರಲ್ಲಿ ಆಯಿತು. ಕೊಡೆಯ ವ್ಯಾಪಾರಕ್ಕೆ ಪಂಚಾಂಗ ಎರಡು. ಒಂದು ನಮ್ಮದು: ಜೂನ್ ಒಂದರ ಹೊತ್ತಿಗೆ ಶಾಲೆ, ಅದರ ಹಿಂದೆಯೇ ಮಳೆ, ಮಾಲು ಮೇ ಮೊದಲ ವಾರಕ್ಕೆ ಅಂಗಡಿಯಲ್ಲಿರಬೇಕು. ಇನ್ನೊಂದು ಅವರದು: ಚೀನೀ ಹೊಸವರ್ಷಕ್ಕೆ ಕೆಲಸಗಾರರು ಊರಿಗೆ ಹೋದರೆ ಕಾರ್ಖಾನೆ ವಾರಗಟ್ಟಲೆ ಬಂದ್, ಹೋದವರೆಲ್ಲ ತಿರುಗಿ ಬರುವ ಖಾತ್ರಿಯೂ ಇಲ್ಲ. ಆ ವರ್ಷ ಹೊಸವರ್ಷ ಜನವರಿ 23ಕ್ಕೆ. ಡಿಸೆಂಬರಿನಲ್ಲೇ 6,000 ಕೊಡೆಗೆ ಮುಂಗಡ ಕಳಿಸಿದ್ದೆವು. ಆ ದುಡ್ಡು ಸಹಕಾರಿ ಬ್ಯಾಂಕಿನಲ್ಲಿ ಅಮ್ಮಿಯ ಬಳೆಗಳ ಮೇಲೆ ಎತ್ತಿದ್ದು.

ಏಪ್ರಿಲ್ ಮೊದಲ ವಾರ ಮಾಲು ತಯಾರೆಂದು ಪ್ಯಾಕಿಂಗ್ ಲಿಸ್ಟ್ ಬಂತು. ಪೆಟ್ಟಿಗೆ 100, ಪೆಟ್ಟಿಗೆಗೆ 60, ಒಟ್ಟು ತೂಕ ಇಷ್ಟು. ಅಬ್ಬಾರಿಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ಹಿಂದಿನ ವರ್ಷದ ಲಿಸ್ಟ್ ತೆಗೆಸಿ ಪಕ್ಕದಲ್ಲಿಟ್ಟರು. ‘ಬೇಟಾ, ಒಟ್ಟು ತೂಕದಲ್ಲಿ ಐವತ್ತು ಕಿಲೋ ಕಮ್ಮಿ ಇದೆಯಲ್ಲ, ಎಲ್ಲಿಗೆ ಹೋಯಿತು?’ ಎಂದರು. ಬಟ್ಟೆ ಅದೇ, ಹಿಡಿ ಅದೇ. ಐವತ್ತು ಕಿಲೋ ಹೋಗುವುದಾದರೆ ಉಕ್ಕಿನಿಂದಲೇ ಹೋಗಬೇಕು.

ನಿಂಗ್ಸಿಯಾದ ಹುಡುಗನನ್ನು ಕಳಿಸಿದೆವು. ಇಂಥ ತಪಾಸಣೆಗೆ ಒಂದು ಜಗತ್ತು ಒಪ್ಪಿದ ಕೋಷ್ಟಕವಿದೆ. 3,201ರಿಂದ 10,000ದವರೆಗಿನ ಮಾಲಿಗೆ ಸಾಮಾನ್ಯ ತಪಾಸಣೆಯಲ್ಲಿ 200 ತೆಗೆದು ನೋಡಬೇಕು. ನಾವು ಒಪ್ಪಿದ 2.5ರ ಮಟ್ಟಕ್ಕೆ ಹತ್ತರವರೆಗೆ ದೋಷವಿದ್ದರೆ ಪಾಸು, ಹನ್ನೊಂದಾದರೆ ಫೇಲು. ಪೆಟ್ಟಿಗೆಗಳನ್ನು ಆರಿಸಬೇಕಾದವನು ನೋಡಲು ಹೋದವನೇ ಹೊರತು ತೋರಿಸುವವನಲ್ಲ. ಹುಡುಗ ರಾಶಿಯ ಮೇಲಿನದು, ನಡುವಿನದು, ಗೋಡೆಗೆ ತಾಗಿದ್ದು ಎಂದು ಎಳೆಸಿ 200 ಕೊಡೆ ಬಿಚ್ಚಿದ. ಹಳೆ ದಪ್ಪದ ಕಡ್ಡಿ 129ರಲ್ಲಿ. ಉಳಿದ 71ರಲ್ಲಿ ಕಡ್ಡಿ ತೆಳು. ತೆಳುವಿನ ಪೆಟ್ಟಿಗೆಗಳೆಲ್ಲ ರಾಶಿಯ ನಡುವೆ ಇದ್ದವು ಎಂಬುದನ್ನು ಅವನು ಬೇಸರದಿಂದಲೇ ಹೇಳಿದ.

ಅಮೆರಿಕದ ಪಾಲ್ ಮಿಡ್ಲರ್ ಎಂಬವರು ಚೀನಾದಲ್ಲಿ ಕೊಳ್ಳುವವರ ಪರ ಕೆಲಸ ಮಾಡಿ 2009ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಮೊದಲ ಆರ್ಡರು ಚಿನ್ನದಂತಿದ್ದು, ಆಮೇಲೆ ಯಾರಿಗೂ ತಿಳಿಯದ ಹಾಗೆ ಮಾಲು ಇಷ್ಟಿಷ್ಟೇ ಸವೆಯುವುದನ್ನು ಅವರು ವಿವರಿಸುತ್ತಾರೆ. ನಮ್ಮ ಹಾಲಿನವನಿಗೆ ಇದು ಯಾವ ಪುಸ್ತಕವೂ ಇಲ್ಲದೆ ಗೊತ್ತು. ಬೆಲೆ ಏರಿಸಿ ಗಿರಾಕಿಯನ್ನು ಕಳೆದುಕೊಳ್ಳುವ ಬದಲು ಲೋಟಕ್ಕೆ ಒಂದು ಚಮಚ ನೀರು.

ಮನೆಯಲ್ಲಿ ಎರಡು ದಿನ ಚರ್ಚೆಯಾಯಿತು. ಭಾಯಿಜಾನರ ವಾದ: ಮಳೆ ಕಾಯುವುದಿಲ್ಲ, ಬೆಲೆ ಇಳಿಸಿಕೊಂಡು ತರಿಸೋಣ, ಬಡ್ಡಿ ಓಡುತ್ತಿದೆ. ಸುಳ್ಳಲ್ಲ. ಮಾಲು ಬೇಡವೆಂದರೆ ಮುಂಗಡವೂ ಹೋದೀತು, ಸೀಜನ್ನೂ ಹೋದೀತು. ಅಮ್ಮಿ ಬಳೆಯ ಮಾತೆತ್ತಲಿಲ್ಲ. ಎತ್ತದಿದ್ದದ್ದೇ ನಮಗೆ ಭಾರವಾಯಿತು. ಅಬ್ಬಾ ಹೇಳಿದ್ದು ಇಷ್ಟು: ‘ಕೊಪ್ಪದಲ್ಲಿ ಮಳೆಯೊಳಗೆ ಕೊಡೆ ಮಗುಚಿಕೊಂಡವನು ಚೀನಾದವಳನ್ನು ಬೈಯುತ್ತಾನೆಯೇ? ನಮ್ಮನ್ನು ಬೈಯುತ್ತಾನೆ. ಆ ಮನೆಗಳ ಜಗಲಿಯಲ್ಲಿ ನಾನು ಕೂತು ಉಂಡಿದ್ದೇನೆ.’

ಹುಡುಗನ ಮೂಲಕ ಯಜಮಾನಿಗೆ ಫೋನು ಹಚ್ಚಿದೆವು. ಮೊದಲು ಎಲ್ಲರೂ ಹೇಳುವುದನ್ನೇ ಹೇಳಿದಳು: ಎರಡೂ ಒಂದೇ, ಗಿರಾಕಿಗೆ ಗೊತ್ತಾಗುವುದಿಲ್ಲ. ಭಾಯಿಜಾನ್ ರೇಗಲಿಲ್ಲ. ಅಲ್ಲಿ ನಾಲ್ಕು ಜನರೆದುರು ಮುಖ ಕೆಡಿಸಿದರೆ ಮಾತು ಅಲ್ಲಿಗೇ ಮುರಿಯುತ್ತದೆ. ಎರಡೂ ಕಡ್ಡಿಗಳ ತೂಕ ಹೇಳಿ ಸುಮ್ಮನಾದರು. ಆ ಕಡೆಯೂ ಬಹಳ ಹೊತ್ತು ಸುಮ್ಮನಿತ್ತು. ಆಮೇಲೆ ಅವಳು ಹೇಳಿದ್ದನ್ನು ಹುಡುಗ ನಿಧಾನವಾಗಿ ಅರಬ್ಬಿಗೆ ತಿರುಗಿಸಿದ. ಹೋದ ವರ್ಷ ಯಿವುವಿನಲ್ಲಿ ಕೂತ ಒಬ್ಬ ಇಂಡಿಯಾದ ವ್ಯಾಪಾರಿ ಅರವತ್ತು ದಿನದ ಸಾಲದ ಮೇಲೆ ಅವಳಿಂದಲೂ ಇನ್ನೂ ಅನೇಕರಿಂದಲೂ ಮಾಲು ಎತ್ತಿ, ಒಂದು ದಿನ ಬೆಳಿಗ್ಗೆ ಕಚೇರಿಗೆ ಬೀಗ ಹಾಕಿ ಹೋಗಿಬಿಟ್ಟನಂತೆ. ಕಡ್ಡಿಯವನಿಗೆ ಕೊಡಲು ಅವಳಲ್ಲಿ ದುಡ್ಡಿರಲಿಲ್ಲ. ಅವನು ದಪ್ಪ ಕಡ್ಡಿ ನಿಲ್ಲಿಸಿದ. ಸಾಲಕ್ಕೆ ಸಿಕ್ಕ ಕಡೆಯಿಂದ ತೆಳುವಾದದ್ದನ್ನು ತಂದಳು.

ನಮಗೆ ಅದನ್ನು ನಂಬಲು ಕಾರಣವಿತ್ತು. 2011ರ ಡಿಸೆಂಬರಿನಲ್ಲಿ ಯಿವುವಿನಲ್ಲಿ ಇಬ್ಬರು ಭಾರತೀಯರನ್ನು ಅಲ್ಲಿನ ಮಾರಾಟಗಾರರು ಹಿಡಿದಿಟ್ಟುಕೊಂಡ ಸುದ್ದಿ ನಮ್ಮ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅವರು ಕೆಲಸ ಮಾಡುತ್ತಿದ್ದ ಸಂಸ್ಥೆಯ ಯಜಮಾನ ಬಾಕಿ ಉಳಿಸಿ ಪರಾರಿಯಾಗಿದ್ದ. ಅವರ ಪರವಾಗಿ ಕೋರ್ಟಿಗೆ ಹೋದ ನಮ್ಮ ರಾಯಭಾರ ಸಿಬ್ಬಂದಿಯೊಬ್ಬರು ಗದ್ದಲದಲ್ಲಿ ಕುಸಿದುಬಿದ್ದು ಆಸ್ಪತ್ರೆ ಸೇರಿದರು. 2012ರ ಜನವರಿಯಲ್ಲಿ ಯಿವುವಿನ ವ್ಯಾಪಾರದಿಂದ ದೂರವಿರಿ ಎಂದು ರಾಯಭಾರ ಕಚೇರಿ ಭಾರತೀಯರನ್ನು ಎಚ್ಚರಿಸಿತು. ಜನರನ್ನು ಕೂಡಿಹಾಕುವುದು ಅನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಪತ್ರಿಕೆಗಳು ಬರೆದದ್ದು ಕೂಡಿಹಾಕಿದವರ ವಿಷಯ. ಓಡಿಹೋದವನ ವಿಷಯ ಒಂದು ಸಾಲಿನಲ್ಲಿ ಮುಗಿದಿತ್ತು. ನಂಬಿಗಸ್ತ ಕಾರ್ಖಾನೆ ಎಲ್ಲಿ ಸಿಗುತ್ತದೆಂದು ನಾವು ಇಲ್ಲಿ ಕೇಳುತ್ತಿರುವಾಗ, ನಂಬಿಗಸ್ತ ಗಿರಾಕಿ ಎಲ್ಲಿ ಸಿಗುತ್ತಾನೆಂದು ಅವರು ಅಲ್ಲಿ ಕೇಳುತ್ತಿರುತ್ತಾರೆ. ಉರ್ದುವಿನಲ್ಲಿ ಎತಿಬಾರ್ ಎನ್ನುತ್ತೇವಲ್ಲ, ಅದಕ್ಕೆ ಕನ್ನಡದಲ್ಲಿ ವಿಶ್ವಾಸ, ನಂಬುಗೆ, ಭರವಸೆ ಎಂದೆಲ್ಲ ಬರೆಯಬಹುದು. ಅಂಗಡಿಯಲ್ಲಿ ಅದಕ್ಕಿರುವ ಅರ್ಥ ಒಂದೇ: ನಾಳೆಯೂ ಈ ಮುಖ ಇಲ್ಲೇ ಇರುತ್ತದೆ.

ಹಾಗೆಂದು ಅವಳ ಕಷ್ಟ ಕೇಳಿ ತೆಳು ಕಡ್ಡಿ ಒಪ್ಪಿಕೊಳ್ಳಲಿಲ್ಲ. ಒಪ್ಪಂದ ಹೀಗಾಯಿತು. ಉಳಿದ ದುಡ್ಡಿನಲ್ಲಿ ಸ್ವಲ್ಪ ಭಾಗವನ್ನು ಮೊದಲೇ ಕಳಿಸುತ್ತೇವೆ, ಅದು ಕಡ್ಡಿಯವನಿಗೆ ಸಲ್ಲಬೇಕು, ಸಂದ ರಸೀದಿಯನ್ನು ಹುಡುಗ ನೋಡಬೇಕು. ತೆಳುವಿನ ಕೊಡೆಗಳನ್ನೆಲ್ಲ ಬಿಚ್ಚಿ ಹೊಸ ಕಡ್ಡಿ ಹಾಕಬೇಕು. ಬಿಚ್ಚಿ ಹೊಲಿಯುವ ಕೂಲಿ ಅವಳದು. ಬಿಚ್ಚಿ ಹೊಲಿದದ್ದು ಅದೇ ಜಗಲಿಯ ಹೆಂಗಸರು. ನಿಂಗ್‌ಬೋ ಬಂದರಿನಿಂದ ಬೇರೆಯವರ ಮಾಲಿನ ಜೊತೆ ಪಾಲಿನ ಕಂಟೈನರಿನಲ್ಲಿ ಚೆನ್ನೈಗೆ ಬಂದು, ಕಸ್ಟಮ್ಸ್ ದಾಟಿ ಶಿವಮೊಗ್ಗ ಮುಟ್ಟುವಾಗ ಜೂನ್ 20 ದಾಟಿತ್ತು. ಶಾಲೆ ಮಕ್ಕಳ ವ್ಯಾಪಾರ ಪೂರಾ ಕೈತಪ್ಪಿತು. 6,000ದಲ್ಲಿ ಎರಡು ಸಾವಿರದಷ್ಟು ಮುಂದಿನ ಮಳೆಗಾಲಕ್ಕೆ ಉಳಿದವು, ಅಮ್ಮಿಯ ಬಳೆ ಇನ್ನೊಂದು ವರ್ಷ ಬ್ಯಾಂಕಿನಲ್ಲೇ ಇದ್ದವು. ನಷ್ಟ ನಷ್ಟವೇ. ಆದರೆ ಕೊಪ್ಪ, ತೀರ್ಥಹಳ್ಳಿಯಿಂದ ಒಂದು ಕೊಡೆಯೂ ವಾಪಸು ಬರಲಿಲ್ಲ. ಕಾರ್ಖಾನೆ ಬದಲಿಸಿ ಎಂದು ಬಳಗದವರೆಲ್ಲ ಹೇಳಿದರು. ಬದಲಿಸಲಿಲ್ಲ. ಇನ್ನೊಬ್ಬರ ಸುಳ್ಳು ಎಂಥದೆಂದು ನಮಗೆ ಗೊತ್ತಿರಲಿಲ್ಲ. ಇವಳ ಸುಳ್ಳು ಎಲ್ಲಿಗೆ ನಿಲ್ಲುತ್ತದೆಂದು ಗೊತ್ತಾಗಿತ್ತು.

ಮುಂದಿನ ಏಳು ವರ್ಷದ್ದು ಹೇಳುವಂಥದ್ದೇನಿಲ್ಲ. ಡಿಸೆಂಬರಿನಲ್ಲಿ ಮುಂಗಡ, ಏಪ್ರಿಲಿನಲ್ಲಿ ಮಾಲು, ತೂಕ ಸರಿ.

2020ರದು ಬೇರೆ. ಆ ಮಾಲು ಹೊಸವರ್ಷದ ರಜೆಗೂ ಕೊರೊನಾಕ್ಕೂ ಸಿಕ್ಕಿ ತಡವಾಗಿ ತಯಾರಾಯಿತು. ಅಷ್ಟರಲ್ಲಿ ಮಾರ್ಚ್ 25ರಿಂದ ಇಲ್ಲಿ ಲಾಕ್‌ಡೌನ್. ಅಂಗಡಿಯ ಬಾಗಿಲು ಹಾಕಿದ್ದೆವು, ಬಾಕಿ 70 ಪಾಲು ಕೊಡಲು ಗತಿಯಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದೆವು. ಮಾಲನ್ನು ಬೇರೆಯವರಿಗೆ ಮಾರಿ ಮುಂಗಡ ನುಂಗಿಕೊಳ್ಳಲು ಅವಳಿಗೆ ಪೂರ್ತಿ ಹಕ್ಕಿತ್ತು. ಅವಳು ಬಾಕಿ ಬರುವ ಮೊದಲೇ ಮಾಲನ್ನು ಹಡಗಿಗೆ ಹಾಕಿ, ಬಿಡಿಸಿಕೊಳ್ಳುವ ಕಾಗದವನ್ನೂ ಕಳಿಸಿದಳು. ಜೊತೆಗೊಂದು ಸಾಲು: ನಿಮ್ಮ ತಂದೆ ತೂಕ ನೋಡಲಿ.

ಮಾಲು ಚೆನ್ನೈ ಮುಟ್ಟಿದ್ದು ಜೂನಿನಲ್ಲಿ. 15ರಂದು ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಪ್ರಾಣ ಕೊಟ್ಟಿದ್ದರು. ಚೀನಾದಿಂದ ಬಂದದ್ದನ್ನೆಲ್ಲ ಬಂದರುಗಳಲ್ಲಿ ತಡೆದು ಪೆಟ್ಟಿಗೆ ಪೆಟ್ಟಿಗೆ ತಪಾಸಣೆ ಶುರುವಾಯಿತು. ಬೀದಿಯಲ್ಲಿ ಚೀನಾ ಮಾಲು ಮಾರುವವರ ಮಾತು ಬಂತು. ಮಾರುವವನ ಹೆಸರು ನೋಡಿ ಆ ಮಾತಿಗೆ ಇನ್ನೊಂದು ಮಾತು ಸೇರಿಸುವವರೂ ಇದ್ದರು. ಅದೇ ಬೀದಿಯ ಮೊಬೈಲು, ಬಲ್ಬು, ದೀಪಾವಳಿಯ ಸರದೀಪ ಎಲ್ಲಿಂದ ಬಂದವೆಂದು ಎಲ್ಲರಿಗೂ ಗೊತ್ತಿತ್ತು. ವಾದ ಮಾಡಲಿಲ್ಲ. ಮಡಿದವರ ಮನೆಯ ದುಃಖದ ಎದುರು ಕೊಡೆಯ ಲೆಕ್ಕ ಹೇಳುವುದು ಮರ್ಯಾದೆಯಲ್ಲ. ಪಕ್ಕದ ಪಾತ್ರೆ ಅಂಗಡಿಯ ಶೆಟ್ಟರು ಮಾತ್ರ, ‘ಸಾಬ್ರೇ, ನಿಮ್ಮ ತಂದೆ ನಮ್ಮಜ್ಜಿಯ ಕೊಡೆ ರಿಪೇರಿ ಮಾಡಿದ್ದು ಇನ್ನೂ ಅಟ್ಟದ ಮೇಲಿದೆ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಮಾಲು ಬಿಡಿಸಿಕೊಂಡದ್ದು ಆಗಸ್ಟಿನಲ್ಲಿ. ಶಾಲೆಗಳಿಗೆ ಬೀಗ, ಕೊಳ್ಳುವವರಿಲ್ಲ. ಆಮದು ಮಾಲಿನ ದುಡ್ಡನ್ನು ಆರು ತಿಂಗಳೊಳಗೆ ಕಳಿಸಬೇಕೆಂಬ ನಿಯಮವನ್ನು ರಿಸರ್ವ್ ಬ್ಯಾಂಕು ಆ ವರ್ಷ ಜುಲೈ 31ರವರೆಗೆ ಹಡಗೇರಿದ ಮಾಲಿಗೆ ಹನ್ನೆರಡು ತಿಂಗಳಿಗೆ ಬೆಳೆಸಿತ್ತು. ಅದೊಂದು ನಮ್ಮ ಪಾಲಿಗೆ ಒದಗಿತು. ನಾಲ್ಕು ಕಂತಿನಲ್ಲಿ ಬಾಕಿ ಪೂರಾ ಕಳಿಸಿದೆವು. ಕೊನೆಯ ಕಂತು ಹೋದದ್ದು ಹನ್ನೊಂದನೇ ತಿಂಗಳಿಗೆ.

2022ರ ಬಜೆಟ್ಟಿನಲ್ಲಿ ಕೊಡೆಯ ಮೇಲಿನ ಸುಂಕ ನೂರಕ್ಕೆ 20 ಆಯಿತು, ಕೊಡೆಯ ಬಿಡಿಭಾಗಗಳಿಗಿದ್ದ ವಿನಾಯಿತಿಯೂ ಹೋಯಿತು. ನಮ್ಮಲ್ಲೇ ಕೊಡೆ ಮಾಡುವವರಿಗೆ ಅದರಿಂದ ಒಳ್ಳೆಯದಾಗುವುದಾದರೆ ಆಗಲಿ. ಈಚೆಗೆ ಸ್ವಲ್ಪ ಮಾಲನ್ನು ಕೇರಳದ ಆಲಪ್ಪುಳದ ಕಡೆಯಿಂದಲೂ ತರಿಸುತ್ತೇವೆ. ಅಲ್ಲಿಯ ಕಡ್ಡಿಯನ್ನೂ ಅಬ್ಬಾ ಬಾಗಿಸಿಯೇ ನೋಡುತ್ತಾರೆ.

ಯಜಮಾನಿಗೆ ಈಗ ವಯಸ್ಸಾಗಿದೆ, ವ್ಯವಹಾರ ಮಗನ ಕೈಗೆ ಬಂದಿದೆ. ಕಳೆದ ಡಿಸೆಂಬರಿನಲ್ಲಿ ಆರ್ಡರು ಕಳಿಸಿದಾಗ ಆ ಹುಡುಗನಿಂದ ಇಂಗ್ಲಿಷಿನಲ್ಲಿ ಉತ್ತರ ಬಂತು. ನಮ್ಮ ಆಮದು ಪರವಾನಗಿಯ ನಕಲು, ಜಿಎಸ್‌ಟಿ ನೋಂದಣಿ ಪತ್ರ, ಬ್ಯಾಂಕಿನ ಪತ್ರ, ಮತ್ತು ನಮ್ಮೊಡನೆ ವ್ಯವಹರಿಸಿದ ಬೇರೆ ಇಬ್ಬರು ಮಾರಾಟಗಾರರ ವಿಳಾಸ ಬೇಕಂತೆ. ಭಾಯಿಜಾನರಿಗೆ ಸಿಟ್ಟು ಬಂತು: ‘ಇವನು ಅಂಗಳದಲ್ಲಿ ಆಡುತ್ತಿದ್ದಾಗಿನಿಂದ ನೋಡಿದವರು ನಾವು, ನಮ್ಮನ್ನೇ ಪರೀಕ್ಷೆ ಮಾಡುತ್ತಾನೆ!’ ಮಗಳು ನಕ್ಕಳು. ಅಬ್ಬಾ ಕನ್ನಡಕ ಹಾಕಿಕೊಂಡು ಆ ಪಟ್ಟಿಯನ್ನು ಇನ್ನೊಮ್ಮೆ ಓದಿಸಿ ಕೇಳಿ, ‘ಎಲ್ಲಾ ಕಳಿಸು. ಕೇಳಬೇಕಾದ್ದನ್ನೇ ಕೇಳಿದ್ದಾನೆ’ ಎಂದರು. ಕಳಿಸಿದೆವು. ಒಂಬತ್ತನೇ ದಿನ ಕೊರಿಯರಿನಲ್ಲಿ ಹೊಸ ಸ್ಯಾಂಪಲ್ ಬಂತು. ಪಕ್ಕದ ಸರಾಫರ ತಕ್ಕಡಿಯಲ್ಲಿಟ್ಟು ನೋಡಿದರೆ 382 ಗ್ರಾಂ. ಮರುದಿನ ಮುಂಗಡ ಹೋಯಿತು.